ರೋಹಿಣಿ ಓಡಿ ಕೆಂಪಾದದ್ದಲ್ಲ

ಕೊಪ್ಪಳ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಸ್ವಲ್ಪ ಉದ್ದ. ಅದಕ್ಕೇ ಬರೆಯುತ್ತಿದ್ದೇನೆ. ದೂರ ಹೋಗುವ ನಕ್ಷತ್ರದ ಬೆಳಕು ಕೆಂಪಿನ ಕಡೆ ಸರಿಯುತ್ತದೆ ಅಂತ ನಿಮ್ಮ ಸರ್ ಹೇಳಿದರು. ಹಾಗಾದರೆ ನಮ್ಮ ಮಾಳಿಗೆಯಿಂದ ಕಾಣುವ ರೋಹಿಣಿ ನಕ್ಷತ್ರ ಕೆಂಪಗಿರುವುದು ಅದಕ್ಕೇನಾ ಅಂದೆ.

ಅಲ್ಲ. ರೋಹಿಣಿ ನಮ್ಮಿಂದ ದೂರ ಹೋಗುತ್ತಿರುವುದು ನಿಜ, ಸೆಕೆಂಡಿಗೆ ಸುಮಾರು 54 ಕಿಲೋಮೀಟರ್. ಆದರೆ ಅದರ ಕೆಂಪಿಗೂ ಈ ಓಟಕ್ಕೂ ಸಂಬಂಧವಿಲ್ಲ. ಅದರ ಮೈ ಬಿಸಿ ಕಡಿಮೆ. ಸೂರ್ಯನದು 5,800 ಕೆಲ್ವಿನ್ ಹತ್ತಿರ ಇದ್ದರೆ ಇದರದು ಬರೀ 3,900ರ ಆಸುಪಾಸು. ಅಷ್ಟು ಬಿಸಿಗೆ ಬರುವ ಬಣ್ಣ ಅದು.

ಬೇಜಾರು ಮಾಡಿಕೊಳ್ಳಬೇಡ. 1842ರಲ್ಲಿ ಈ ನಿಯಮವನ್ನು ಹೇಳಿದ ವಿಜ್ಞಾನಿ ಡಾಪ್ಲರ್ ಕೂಡ ಹೀಗೇ ಅಂದುಕೊಂಡಿದ್ದ. ಜೋಡಿ ನಕ್ಷತ್ರಗಳ ಬಣ್ಣಕ್ಕೆ ಅವುಗಳ ಓಟವೇ ಕಾರಣ ಅಂತ ಬರೆದ. ನಿಯಮ ಸರಿಯಿತ್ತು, ಕೊಟ್ಟ ಉದಾಹರಣೆ ತಪ್ಪಾಯಿತು, ಅಷ್ಟೇ!

ಬೆಳಕು ಅಲೆ ಅಲ್ವಾ? ಒಂದು ಅಲೆ ಹೊರಟು ಮುಂದಿನದು ಹೊರಡುವಷ್ಟರಲ್ಲಿ ನಕ್ಷತ್ರ ತುಸು ಹಿಂದೆ ಸರಿದಿರುತ್ತದೆ. ಹಾಗಾಗಿ ಎರಡರ ನಡುವಿನ ಅಂತರ ಹಿಗ್ಗುತ್ತದೆ. ಎಷ್ಟು? ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್; 54ನ್ನು ಅದರಿಂದ ಭಾಗಿಸಿ ನೋಡು. ಹತ್ತು ಸಾವಿರದಲ್ಲಿ ಎರಡು ಪಾಲೂ ಬರುವುದಿಲ್ಲ. ಅಲೆಗಳ ಅಂತರ 589.0 ನ್ಯಾನೋಮೀಟರ್ ಇರುವ ಹಳದಿ ಬೆಳಕಿನಲ್ಲಿ ಅದು 589.1 ಆಗುತ್ತದೆ. ಕಣ್ಣಿಗೆ ಇದು ಎಲ್ಲಿ ಗೊತ್ತಾಗಬೇಕು? ಜಾಸ್ತಿ ಸರಿದರೂ, ಒಂದು ತುದಿಯಲ್ಲಿ ಕೆಂಪು ಆಚೆ ಹೋದಂತೆ ಇನ್ನೊಂದು ತುದಿಯಿಂದ ಕಾಣದ ಅತಿನೇರಳೆ ಒಳಗೆ ಬಂದು ಆ ಜಾಗ ತುಂಬುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಬಣ್ಣ ಬಿಟ್ಟು ಗೆರೆ ನೋಡಿ ಅಂತ 1848ರಲ್ಲಿ ಫ್ರೆಂಚ್ ವಿಜ್ಞಾನಿ ಫಿಜೋ ತೋರಿಸಿಕೊಟ್ಟ. ಬೇಳೆ ಉಕ್ಕಿ ಉಪ್ಪುನೀರು ಒಲೆಗೆ ಬಿದ್ದಾಗ ಉರಿ ಹಳದಿಯಾಗುತ್ತದಲ್ಲ, ಅದು ಸೋಡಿಯಂ ಬೆಳಕು. ನಕ್ಷತ್ರದ ಹೊರಗಿನ ಅನಿಲದಲ್ಲಿರುವ ಸೋಡಿಯಂ ಅದೇ ಹಳದಿಯನ್ನು ನುಂಗುತ್ತದೆ. ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಣ್ಣಬಣ್ಣವಾಗಿ ಬಿಡಿಸಿದರೆ ಅಲ್ಲಿ ಕಪ್ಪು ಗೆರೆ ಕಾಣುತ್ತದೆ. ಆ ಗೆರೆ ಇರಬೇಕಾದ ಜಾಗದಿಂದ ಎಷ್ಟು ಸರಿದಿದೆ ಅಂತ ಅಳೆದರೆ ವೇಗ ಸಿಕ್ಕಿತು.

ಇನ್ನೊಂದು ಮಜಾ ಇದೆ, ಇದು ನಿಮ್ಮ ಪುಸ್ತಕದಲ್ಲಿ ಇರಲಿಕ್ಕಿಲ್ಲ. ನಾವೇನು ಸುಮ್ನೆ ನಿಂತಿದ್ದೇವಾ? ಭೂಮಿಯೂ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತದೆ. ರೋಹಿಣಿ ಇರುವುದು ಸೂರ್ಯ ಸಾಗುವ ದಾರಿಯ ಪಕ್ಕದಲ್ಲೇ. ಹಾಗಾಗಿ ಸೆಪ್ಟೆಂಬರ್ ಮೊದಲಿಗೆ ನಾವು ಅದರ ಕಡೆಗೇ ಓಡುತ್ತಿರುತ್ತೇವೆ. ಆಗ ಅಳೆದರೆ ಬರುವುದು ಸುಮಾರು 24. ಫೆಬ್ರವರಿ ಕೊನೆಗೆ ಬೆನ್ನು ತಿರುಗಿಸಿ ಓಡುತ್ತೇವೆ, ಆಗ 84. ನಕ್ಷತ್ರ ಅದೇ, ಅದರ ವೇಗವೂ ಅದೇ. ಭೂಮಿಯ ಲೆಕ್ಕ ಕಳೆದ ಮೇಲೇ 54 ಸಿಗುವುದು.

ಗಿಣಿಗೇರಾ ಕಡೆಯ ಕಾರ್ಖಾನೆಗಳ ಬೆಳಕಿಗೆ ಪೂರ್ವದ ಆಕಾಶ ಮಬ್ಬಾಗಿದೆ. ಆದರೆ ರೋಹಿಣಿ ನಮ್ಮ ಕೊಪ್ಪಳದಲ್ಲೂ ನಿಮ್ಮ ಧಾರವಾಡದಲ್ಲೂ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾಯುತ್ತದೆ. ಫೆಬ್ರವರಿ ಕೊನೆಗೆ ಸಂಜೆ ಕತ್ತಲಾಗುತ್ತಲೇ ಹಾಸ್ಟೆಲ್ ಮಾಳಿಗೆ ಹತ್ತಿ ನೋಡು. 84ರ ವೇಗಕ್ಕೆ ಆ ಹಳದಿ ಗೆರೆ ಎಷ್ಟು ಸರಿಯಬೇಕು ಅನ್ನುವುದನ್ನು ಲೆಕ್ಕ ಮಾಡಿ ಕಳಿಸು. ಮೊಬೈಲ್ ಮುಟ್ಟಬಾರದು ಮತ್ತೆ!

ನಿನ್ನ ಅಪ್ಪ