ಆ್ಯಪ್ ಬಂತೆಂದು ಆಪ್ತಸಮಾಲೋಚನೆಯ ಕೊಠಡಿ ಮುಚ್ಚಬೇಡಿ

ಮಾನ್ಯ ಸಂಪಾದಕರೇ,

ನೋಟಿಸ್ ಬೋರ್ಡಿಗೆ ಕ್ಯೂಆರ್ ಕೋಡ್ ಅಂಟಿಸಿ, ಇದ್ದ ಸಮಾಲೋಚನಾ ಕೊಠಡಿಯನ್ನು ಸ್ಟೋರ್ ರೂಮ್ ಮಾಡಿಕೊಳ್ಳುವ ಕಾಲೇಜುಗಳ ಆಡಳಿತ ಮಂಡಳಿಗಳಿಗಾಗಿ ಈ ಪತ್ರ. ಆನ್‌ಲೈನ್ ಸಮಾಲೋಚನೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಸಾಧಾರಣ ಮಟ್ಟದ ಆತಂಕ, ಖಿನ್ನತೆ ಇದ್ದವರಿಗೆ ತರಬೇತಿ ಪಡೆದವರು ವಿಡಿಯೊದಲ್ಲಿ ಮಾಡುವ ಸಮಾಲೋಚನೆ ಎದುರು ಕೂತು ಮಾಡಿದಷ್ಟೇ ಫಲ ಕೊಡಬಲ್ಲದೆಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅದಕ್ಕೆ ಬೇಕಾದ ಸಿದ್ಧತೆ ಬಹುತೇಕ ಕಡೆ ಕಾಣುವುದಿಲ್ಲ.

ದೊಡ್ಡ ತೊಡಕು ಜಾಗದ್ದು. ಇಯರ್‌ಫೋನ್ ಹಾಕಿಕೊಂಡರೆ ಸಮಾಲೋಚಕರ ಮಾತು ಹೊರಗೆ ಕೇಳಿಸದು, ನಿಜ. ಆದರೆ ವಿದ್ಯಾರ್ಥಿಯ ಮಾತು ಅಡುಗೆಮನೆಗೂ ಕೇಳುತ್ತದೆ. ಹಾಸ್ಟೆಲ್‌ನಲ್ಲಿ ಒಂದು ಕೋಣೆಗೆ ನಾಲ್ಕು ಜನ. ಮಾತಾಡಲು ತಾರಸಿಗೆ ಹೋಗುತ್ತಾರೆ. ತೀವ್ರ ಹತಾಶೆಯಲ್ಲಿರುವವರು ಒಬ್ಬರೇ ತಾರಸಿಯಲ್ಲಿ ಇರುವುದು ಒಳ್ಳೆಯದಲ್ಲ. ಆದ್ದರಿಂದ ಕರೆಯ ಮೊದಲ ಎರಡು ನಿಮಿಷ ಇದಕ್ಕೇ ಮೀಸಲಿರಬೇಕು: ಈಗ ಎಲ್ಲಿದ್ದೀರಿ, ಹತ್ತಿರ ಯಾರಿದ್ದಾರೆ, ಕರೆ ಕಡಿದರೆ ಯಾವ ನಂಬರಿಗೆ ಮಾಡಲಿ, ತುರ್ತು ಬಂದರೆ ಯಾರಿಗೆ ತಿಳಿಸಲಿ. ಇದನ್ನು ಪ್ರತಿ ಸಲ ಕೇಳಬೇಕು, ಏಕೆಂದರೆ ಹೋದ ವಾರ ಹಾಸ್ಟೆಲ್‌ನಲ್ಲಿದ್ದವರು ಈ ವಾರ ಊರಲ್ಲಿರಬಹುದು. ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಮಾತನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. 'ನೋಟ್ಸ್ ಆಮೇಲೆ ಕಳಿಸ್ತೀನಿ' ಎಂದರೆ ಸಾಕು, ಅಲ್ಲಿಂದ ಸಮಾಲೋಚಕರು ಹೌದು-ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆ ಕೇಳುತ್ತಾ ಹೋಗಬಹುದು. ಫೋನ್ ಅಪ್ಪನದಾಗಿದ್ದರೆ ವಾಪಸ್ ಕರೆ ಅಪ್ಪನಿಗೇ ಹೋಗುತ್ತದೆ. ಆ ಮಾತೂ ಮೊದಲೇ ಆಗಿರಬೇಕು.

ಇನ್ನೊಂದು, ತೆರೆ ಅರ್ಧ ಮನುಷ್ಯನನ್ನಷ್ಟೇ ತೋರಿಸುತ್ತದೆ. ಏಪ್ರಿಲ್ ಬಿಸಿಲಿನಲ್ಲೂ ಮಣಿಕಟ್ಟಿನವರೆಗೆ ಎಳೆದುಕೊಂಡ ತುಂಬುತೋಳು, ಸಡಿಲವಾದ ಬಟ್ಟೆ, ಮೇಜಿನ ಕೆಳಗೆ ಅಲುಗುತ್ತಲೇ ಇರುವ ಕಾಲು ಕೊಠಡಿಯಲ್ಲಾದರೆ ಕಣ್ಣಿಗೆ ಬೀಳುತ್ತವೆ. ಮೌನವಂತೂ ಆನ್‌ಲೈನ್‌ನಲ್ಲಿ ಕೆಟ್ಟೇ ಹೋಗುತ್ತದೆ. ಎದುರು ಕೂತಾಗ ಒಂದು ನಿಮಿಷ ಸುಮ್ಮನಿದ್ದವರು ಆಮೇಲೆ ಹೇಳುವುದೇ ಮುಖ್ಯ ಸಂಗತಿಯಾಗಿರುತ್ತದೆ. ಫೋನಿನಲ್ಲಿ ಐದು ಸೆಕೆಂಡ್ ಮೌನವಾದರೆ ಇಬ್ಬರಲ್ಲೊಬ್ಬರು 'ಹಲೋ, ಕೇಳಿಸ್ತಿದೆಯಾ?' ಎನ್ನುತ್ತಾರೆ; ಬರಬೇಕಿದ್ದ ಮಾತು ಅಲ್ಲಿಗೇ ನಿಲ್ಲುತ್ತದೆ. 'ನೀವು ಸುಮ್ಮನಿದ್ದರೂ ನಾನು ಲೈನಿನಲ್ಲೇ ಇರುತ್ತೇನೆ' ಎಂದು ಶುರುವಿನಲ್ಲೇ ಹೇಳಿಡುವುದು ಇದಕ್ಕೆ ಅರ್ಧ ಪರಿಹಾರ.

ಸ್ವತಃ ಗಾಯ ಮಾಡಿಕೊಳ್ಳುವವರು, ಊಟ ಬಿಟ್ಟು ಸೊರಗುತ್ತಿರುವವರು, ಇಲ್ಲದ ದನಿ ಕೇಳಿಸುತ್ತದೆ ಎನ್ನುವವರು, ಮನೆಯವರಿಂದಲೇ ಹಿಂಸೆ ಅನುಭವಿಸುತ್ತಿರುವವರನ್ನು ಆದಷ್ಟು ಬೇಗ ಮುಖತಃ ನೋಡಲೇಬೇಕು. ಹಿಂಸೆ ಕೊಡುವವರು ಪಕ್ಕದ ಕೋಣೆಯಲ್ಲೇ ಇರುವಾಗ ಮನೆಯಿಂದ ವಿಡಿಯೊ ಕರೆ ಮಾಡಿಸುವುದು ಅಪಾಯ. ಉಳಿದವರಿಗೆ ಮೊದಲ ಎರಡು ಭೇಟಿ ಮುಖಾಮುಖಿ, ಮುಂದಿನವು ಆನ್‌ಲೈನ್ ಎಂಬ ಕ್ರಮ ಚೆನ್ನಾಗಿ ನಡೆಯುತ್ತದೆ. ಜನರೆದುರು ಬಾಯಿಬಿಡಲು ಹೆದರುವವರಿಗೆ ಮಾತ್ರ ಇದು ತಿರುವುಮುರುವು: ಮೊದಲು ಚಾಟ್, ಆಮೇಲೆ ದನಿ, ಕೊನೆಗೆ ಭೇಟಿ. ಪುಣೆಯಲ್ಲೋ ಹೈದರಾಬಾದಿನಲ್ಲೋ ಓದುತ್ತಾ ಕನ್ನಡದಲ್ಲೇ ಮನಸ್ಸು ಬಿಚ್ಚಬೇಕೆನ್ನುವವರಿಗೆ ಆನ್‌ಲೈನ್ ಬಿಟ್ಟರೆ ದಾರಿಯೇ ಕಡಿಮೆ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ. ಸಮಾಲೋಚಕರಿಂದ ಬಗೆಹರಿಯದಿದ್ದರೆ ಕರೆ ಮೇಲಿನ ಹಂತದ ತಜ್ಞರಿಗೆ, ಅಗತ್ಯವಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ಹೋಗುತ್ತದೆ. ಖಾಸಗಿ ಆ್ಯಪ್ ಕೊಳ್ಳುವ ಮೊದಲು ಕಾಲೇಜುಗಳು ಕೇಳಬೇಕಾದದ್ದು ಇದನ್ನೇ: ರಾತ್ರಿ ಹನ್ನೊಂದಕ್ಕೆ ಒಬ್ಬ ವಿದ್ಯಾರ್ಥಿ 'ಬದುಕೋದು ಬೇಡ' ಎಂದು ಟೈಪ್ ಮಾಡಿದರೆ ಓದುವವರು ಯಾರು, ಎಷ್ಟು ನಿಮಿಷದಲ್ಲಿ, ಅವರು ಇಲ್ಲಿಯ ಯಾರಿಗೆ ಫೋನ್ ಮಾಡುತ್ತಾರೆ? ಉತ್ತರವಿಲ್ಲದಿದ್ದರೆ ಸಹಿ ಹಾಕಬೇಡಿ. ಪಿಯು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು 18 ದಾಟಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರ ಮಾಹಿತಿ ಬಳಕೆಗೆ ಪೋಷಕರ ಒಪ್ಪಿಗೆ ಕೇಳುತ್ತದೆ ಎಂಬುದೂ ನೆನಪಿರಲಿ. ಪೋಕ್ಸೊ ಕಾಯ್ದೆಯಡಿ ಬರುವ ದೌರ್ಜನ್ಯದ ವಿಷಯ ತಿಳಿದರೆ ವರದಿ ಮಾಡುವುದು ಕಡ್ಡಾಯ. ಯಾವುದನ್ನು ಗುಟ್ಟಾಗಿಡಲು ಆಗುವುದಿಲ್ಲ ಎಂಬುದನ್ನು ವಿದ್ಯಾರ್ಥಿ ಬಾಯಿಬಿಡುವ ಮೊದಲೇ ತಿಳಿಸಬೇಕು. ಆ್ಯಪ್‌ಗಳಲ್ಲಿ ಇದು ಯಾರೂ ಓದದ ಷರತ್ತುಗಳೊಳಗೆ ಹೂತುಹೋಗಿರುತ್ತದೆ.

ಮುಖಾಮುಖಿ ಎಂದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. ಪ್ರಾಂಶುಪಾಲರ ಕಚೇರಿಯ ಪಕ್ಕ ಗಾಜಿನ ಬಾಗಿಲಿನ ಕೊಠಡಿ ಕೊಟ್ಟರೆ ಯಾರೂ ಬರುವುದಿಲ್ಲ. ಇಂಟರ್ನಲ್ ಅಂಕ ಹಾಕುವ ಉಪನ್ಯಾಸಕರನ್ನೇ ಸಮಾಲೋಚಕರನ್ನಾಗಿ ಮಾಡಿದರೂ ಅಷ್ಟೇ. ರಿಜಿಸ್ಟರಿನಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ.

ಹಾಗಾಗಿ ನನ್ನ ಕೋರಿಕೆ ಸಣ್ಣದು. ಆ ಕೊಠಡಿಯನ್ನು ಉಳಿಸಿಕೊಳ್ಳಿ. ಒಳಗಿನಿಂದ ಚಿಲಕ ಹಾಕಬಹುದಾದ, ತುರ್ತಿಗೆ ಹೊರಗಿನಿಂದಲೂ ತೆರೆಯಬಹುದಾದ ಮರದ ಬಾಗಿಲು, ಎರಡು ಕುರ್ಚಿ, ಒಂದು ಚಾರ್ಜರ್, ಸಿಗ್ನಲ್ ಇಲ್ಲದ ಕಡೆ ವೈಫೈ ಇದ್ದರಾಯಿತು. ಸಮಾಲೋಚಕರು ಬರುವ ದಿನ ಮುಖಾಮುಖಿ ಭೇಟಿಗೆ, ಉಳಿದ ದಿನ 14416ಕ್ಕೋ ತಮ್ಮ ಸಮಾಲೋಚಕರಿಗೋ ಕರೆ ಮಾಡಬೇಕಾದ ವಿದ್ಯಾರ್ಥಿಗಳಿಗೆ ಅದು ಸಂಜೆ ಆರರವರೆಗೆ ತೆರೆದಿರಲಿ.

– ಕಾಲೇಜು ಆಪ್ತಸಮಾಲೋಚಕಿ, ಧಾರವಾಡ