ಸ್ಕೆಲಿಗ್ ಮೈಕಲ್‌ಗೆ ಬರುವವರು ಓದಿ

ಎಲ್ಲರಿಗೂ ನಮಸ್ಕಾರ. ಸ್ಕೆಲಿಗ್ ಮೈಕಲ್ ಅಂದರೆ ಐರ್ಲೆಂಡ್ ಕರಾವಳಿಯಾಚೆಯ ಕಲ್ಲು ದ್ವೀಪ, ಮೇಲೆ ಹಳೇ ಕ್ರೈಸ್ತ ಮಠವಿದೆ. ಅಲ್ಲಿಗೆ ದಡದ ಹಳ್ಳಿ ಪೋರ್ಟ್‌ಮಾಗೀಯಿಂದ ದೋಣಿ ಬೆಳಗ್ಗೆ ಹೊರಡುತ್ತದೆ, ಆದರೆ ಅಲೆ ಜೋರಿದ್ದರೆ ಅವತ್ತೇ ರದ್ದು ಮಾಡುತ್ತಾರೆ, ಹಾಗಾಗಿ ಮರುದಿನವನ್ನೂ ಖಾಲಿ ಇಟ್ಟುಕೊಳ್ಳಿ. ದ್ವೀಪ ದಡದಿಂದ ಸುಮಾರು 12 ಕಿ.ಮೀ. ಅಟ್ಲಾಂಟಿಕ್ ಕುಲುಕಾಟ ಸುಮ್ನೆ ಅಲ್ಲ, ವಾಂತಿ ಬರುವವರು ಮೊದಲೇ ಮಾತ್ರೆ ತಗೊಳ್ಳಿ. ಮೇಲೆ ಹತ್ತೋಕೆ 618 ಕಲ್ಲಿನ ಮೆಟ್ಟಿಲು, ಬಹಳ ಕಡೆ ಹಿಡಿದುಕೊಳ್ಳಲು ಕಂಬಿ ಇಲ್ಲ, ಮಳೆಯಾದರೆ ಜಾರುತ್ತವೆ. ಚಪ್ಪಲಿ ಬೇಡವೇ ಬೇಡ. ಶೌಚಾಲಯ, ಅಂಗಡಿ ಎರಡೂ ಇಲ್ಲ (ಕಾಫಿ ಚಟದವರೇ, ಹುಷಾರು).

ಮೇಲೆ ಸನ್ಯಾಸಿಗಳ ಕಲ್ಲುಗುಡಿಸಲು ನೋಡಿ: ಗಾರೆಯೇ ಇಲ್ಲ, ಪ್ರತಿ ಸುತ್ತಿನ ಕಲ್ಲನ್ನೂ ಸ್ವಲ್ಪ ಸ್ವಲ್ಪ ಒಳಗೆ ಚಾಚಿ ಪೇರಿಸುತ್ತಾ ಗುಮ್ಮಟ ಮಾಡಿದ್ದಾರೆ, ಸಾವಿರ ವರ್ಷ ದಾಟಿದರೂ ನಿಂತಿವೆ. ಪಫಿನ್ ಹಕ್ಕಿಗಳು ಆಗಸ್ಟ್‌ನಲ್ಲಿ ಸಮುದ್ರಕ್ಕೆ ಹೊರಟುಬಿಡುತ್ತವೆ, ಅದಕ್ಕೇ ಜೂನ್ ಕೊನೆ ಅಂತ ಇಟ್ಟಿದ್ದೇವೆ. ದಿನಕ್ಕೆ ಇಂತಿಷ್ಟೇ ಜನರನ್ನು ಬಿಡುತ್ತಾರೆ. ಬರುವವರು ಇವತ್ತೇ ಹೆಸರು ಹಾಕಿ.