ಶ್ರುತಿ ಇಳಿಸಿ ಹಾಡಿಸಿದವರಿಗೆ

ನಾನು ಭಾಗವಹಿಸಿದ್ದ ಟಿವಿ ಗಾಯನ ಸ್ಪರ್ಧೆಯ, ಕಳೆದ ವಾರ ಪ್ರಸಾರವಾದ ಉಪಾಂತ್ಯ ಸುತ್ತಿನೊಂದಿಗೆ ಆ ವೇದಿಕೆಯ ಮೇಲೆ ನನ್ನ ಪಾಲಿನ ಹಾಡುಗಳು ಮುಗಿದವು. ಅಂತಿಮ ಸುತ್ತಿಗೆ ಆಯ್ಕೆಯಾದ ಎಲ್ಲ ಗೆಳೆಯ ಗೆಳತಿಯರಿಗೆ ಮನಃಪೂರ್ವಕ ಅಭಿನಂದನೆಗಳು. ಅಂದಿನಿಂದ ಇಂದಿನವರೆಗೆ ಬಂದಿರುವ ಸಂದೇಶಗಳಿಗೆ ಒಂದೊಂದಾಗಿ ಉತ್ತರಿಸುತ್ತಿದ್ದೇನಾದರೂ ಎಲ್ಲರನ್ನೂ ತಲುಪುವುದು ಸಾಧ್ಯವಾಗಿಲ್ಲ. ಅಲ್ಲದೆ ಬಹಳಷ್ಟು ಮಂದಿ ಕೇಳಿರುವುದು ಒಂದೇ ಪ್ರಶ್ನೆಯನ್ನು. ಸ್ಪರ್ಧೆಯ ನಡುವೆ ನನ್ನ ಕಂಠಕ್ಕೆ ಏನಾಗಿತ್ತು, ಮತ್ತೆ ಹೇಗೆ ಹಾಡಲು ಸಾಧ್ಯವಾಯಿತು ಎಂಬುದು ಆ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಕೊಡಬೇಕೆಂದರೆ ಪರದೆಯ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳದ ಕೆಲವರ ಕೆಲಸವನ್ನು ವಿವರಿಸಲೇಬೇಕು. ಅವರಿಗೆ ಸಲ್ಲಬೇಕಾದ ಕೃತಜ್ಞತೆ ಸಂಚಿಕೆಯ ಕೊನೆಯ ಅರ್ಧ ನಿಮಿಷದಲ್ಲಿ ಹಿಡಿಸುವಂಥದ್ದಲ್ಲವಾದ್ದರಿಂದ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಸ್ಪರ್ಧೆಯ ಮಧ್ಯಭಾಗದಲ್ಲಿ, ಸುತ್ತಿನಿಂದ ಸುತ್ತಿಗೆ ತಾಲೀಮು ಹೆಚ್ಚುತ್ತಿದ್ದ ಹೊತ್ತಿಗೆ, ನನ್ನ ದನಿ ಒಡೆಯತೊಡಗಿತು. ಮಂದ್ರಸ್ಥಾಯಿಯಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ಗಾಳಿ ಸೇರಿದಂತೆ ಕೇಳಿಸುತ್ತಿತ್ತು, ತಾರಸ್ಥಾಯಿಯಲ್ಲಿ, ಅಂದರೆ ಎತ್ತರದ ಸ್ವರಗಳಲ್ಲಿ, ಸ್ವರ ನಿಲ್ಲುತ್ತಲೇ ಇರಲಿಲ್ಲ. ಕಿವಿ, ಮೂಗು, ಗಂಟಲು ತಜ್ಞರು ಧ್ವನಿಪೆಟ್ಟಿಗೆಯನ್ನು ಪರೀಕ್ಷಿಸಿ, ಧ್ವನಿತಂತುಗಳು ಊದಿಕೊಂಡಿವೆಯೆಂದೂ, ಅದೃಷ್ಟವಶಾತ್ ಗಂಟುಗಳಾಗಿಲ್ಲವೆಂದೂ ತಿಳಿಸಿ, ಸಂಪೂರ್ಣ ಮೌನವನ್ನು ವಿಧಿಸಿದರು. ಪಿಸುಮಾತೂ ಕೂಡದೆಂದು ಅವರು ಒತ್ತಿ ಹೇಳಿದ್ದು ನನಗೆ ಹೊಸ ತಿಳಿವಳಿಕೆ; ಪಿಸುಗುಟ್ಟುವಾಗಲೂ ಗಂಟಲಿನ ಮೇಲೆ ಒತ್ತಡ ಬೀಳಬಹುದಂತೆ. ಮೌನದ ಅವಧಿ ಮುಗಿದ ಮೇಲೆ ವಾಕ್ ಚಿಕಿತ್ಸಕಿಯೊಬ್ಬರು ಅರ್ಧ ಲೋಟ ನೀರು ಮತ್ತು ಒಂದು ಸ್ಟ್ರಾ ಇಟ್ಟುಕೊಂಡು ನನ್ನ ಎದುರು ಕುಳಿತರು. ಸ್ಟ್ರಾವನ್ನು ನೀರಿನೊಳಗೆ ಒಂದೆರಡು ಬೆರಳಿನಷ್ಟು ಅದ್ದಿ, ಗುಳ್ಳೆಗಳು ಒಂದೇ ಸಮನೆ ಏಳುವಂತೆ ‘ಊ’ಕಾರವನ್ನು ಹಿಡಿಯಬೇಕು, ಗುಳ್ಳೆಯ ಲಯ ತಪ್ಪಿದರೆ ಉಸಿರು ತಪ್ಪಿದೆಯೆಂದೇ ಲೆಕ್ಕ. ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಜೆ ಅವರ ಸಂಶೋಧನೆಗಳಿಂದ ಹೆಚ್ಚು ಪ್ರಚಾರಕ್ಕೆ ಬಂದ ಅಭ್ಯಾಸ ಇದು. ಬಾಯಿಯ ತುದಿಯಲ್ಲಿ ದಾರಿ ಕಿರಿದಾದಾಗ ಗಾಳಿಯ ಒತ್ತಡ ಸ್ವಲ್ಪ ಹಿಂದಕ್ಕೆ ತಿರುಗಿ, ಧ್ವನಿತಂತುಗಳು ಒಂದಕ್ಕೊಂದು ರಭಸದಿಂದ ಬಡಿಯದಂತೆ ನೋಡಿಕೊಳ್ಳುತ್ತದೆ. ಹೊಸದಾಗಿ ಸರಳೆ ವರಸೆ ಕಲಿಯುವ ಮಗುವಿಗೆ ತೋರುವಷ್ಟೇ ತಾಳ್ಮೆಯನ್ನು ನನಗೆ ತೋರಿದ ಆ ವೈದ್ಯರಿಗೂ ಚಿಕಿತ್ಸಕಿಗೂ ಮೊದಲ ನಮಸ್ಕಾರ.

ಹಾಡಲು ಅನುಮತಿ ಸಿಕ್ಕಿತಾದರೂ ದನಿ ಮೊದಲಿನ ಎತ್ತರಕ್ಕೆ ಇನ್ನೂ ಮರಳಿರಲಿಲ್ಲ. ಮುಂದಿನ ಸುತ್ತಿಗೆ ನನಗಾಗಿ ಆಯ್ಕೆಯಾಗಿದ್ದ ಗೀತೆಯನ್ನು ಐದೂವರೆ ಶ್ರುತಿಯಲ್ಲಿ (ಶ್ರುತಿಯೆಂದರೆ ಹಾಡಿಗೆ ಆಧಾರವಾದ ‘ಸ’ ಸ್ವರದ ಎತ್ತರ) ಸಿದ್ಧಪಡಿಸಲಾಗಿತ್ತು, ವಾದ್ಯವೃಂದದ ತಾಲೀಮೂ ಆಗಿಹೋಗಿತ್ತು. ಚಿತ್ರೀಕರಣದ ದಿನ ಬೆಳಿಗ್ಗೆ ನಾನು ಚರಣವನ್ನು ಒಮ್ಮೆ ಹಾಡಿ ತೋರಿಸಿದಾಗ ವಾದ್ಯವೃಂದದ ಸಂಯೋಜಕರು ನನ್ನ ಮುಖವನ್ನು ನೋಡಿ, ‘ಐದಕ್ಕೆ ಇಳಿಸೋಣಮ್ಮ’ ಎಂದಷ್ಟೇ ಹೇಳಿದರು. ಕೇಳುವವರಿಗೆ ಅರ್ಧ ಮನೆಯ ವ್ಯತ್ಯಾಸ ಅರಿವಿಗೇ ಬಾರದಿರಬಹುದು. ಆದರೆ ಆ ಚರಣ ಮುಟ್ಟುವ ತಾರಸ್ಥಾಯಿಯ ಪಂಚಮದಲ್ಲಿ, ಅಂದರೆ ಎತ್ತರದ ‘ಪ’ ಸ್ವರದಲ್ಲಿ, ಧ್ವನಿತಂತುಗಳು ಸೆಕೆಂಡಿಗೆ ಸುಮಾರು 622 ಬಾರಿ ಕಂಪಿಸಬೇಕಾಗಿದ್ದರೆ, ಐದು ಶ್ರುತಿಯಲ್ಲಿ ಆ ಸಂಖ್ಯೆ 587ರಷ್ಟಕ್ಕೆ ಇಳಿಯುತ್ತದೆ. ಊತದಿಂದ ಆಗಷ್ಟೇ ಚೇತರಿಸಿಕೊಂಡ ಗಂಟಲಿಗೆ ಅದು ಬಹಳ ದೊಡ್ಡ ನೆಮ್ಮದಿ.

ಆ ನೆಮ್ಮದಿಯ ಭಾರವನ್ನು ಹೊತ್ತವರು ವಾದಕರು. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ. ಉಳಿದ ವಾದ್ಯಗಳಿಗೆ ಆ ಸೌಲಭ್ಯವಿಲ್ಲ. ಗಿಟಾರ್ ವಾದಕರು ತಾವು ಕೂರಿಸಿಕೊಂಡಿದ್ದ ಬೆರಳುಗಳ ವಿನ್ಯಾಸವನ್ನೆಲ್ಲ ಬದಲಿಸಿಕೊಳ್ಳಬೇಕಾಯಿತು. ಪಿಟೀಲು ತಂಡದವರು ನೊಟೇಶನ್ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಪೆನ್ಸಿಲಿನಿಂದ ಸ್ವರಗಳನ್ನು ತಿದ್ದಿಕೊಂಡರು. ತಬಲಾ ವಾದಕರು ಪುಟ್ಟ ಸುತ್ತಿಗೆಯಿಂದ ಅಂಚನ್ನು ಸುತ್ತಲೂ ತಟ್ಟುತ್ತ, ಕಿವಿಯನ್ನು ಚರ್ಮದ ಹತ್ತಿರಕ್ಕೆ ತಂದು ನಾದವನ್ನು ಪರೀಕ್ಷಿಸುತ್ತ, ದೀಪಗಳ ಬಿಸಿಗೆ ಶ್ರುತಿ ಮತ್ತೆ ಏರಿದಾಗಲೆಲ್ಲ ಮತ್ತೆ ಇಳಿಸಿದರು. ಕೊಳಲಿನ ಶ್ರುತಿಯನ್ನಂತೂ ಅದರ ಉದ್ದ ಮತ್ತು ರಂಧ್ರಗಳೇ ನಿರ್ಧರಿಸುವುದರಿಂದ ಅದನ್ನು ತಿರುಚಿ ಇಳಿಸುವಂತಿಲ್ಲ, ಕೊಳಲನ್ನೇ ಬದಲಿಸಬೇಕು. ಕೊಳಲು ವಾದಕರು ಚೀಲದ ಬಟ್ಟೆಯ ಸುರುಳಿಯನ್ನು ಬಿಚ್ಚಿ, ಸಾಲಾಗಿ ಮಲಗಿದ್ದ ಕೊಳಲುಗಳ ಪೈಕಿ ಸ್ವಲ್ಪ ಉದ್ದದ್ದೊಂದನ್ನು ಆರಿಸಿ, ಅಂಗೈಯಲ್ಲಿ ಉಜ್ಜಿ ಬೆಚ್ಚಗಾಗಿಸಿಕೊಂಡು, ಪಲ್ಲವಿಯ ಮೊದಲ ಸಾಲನ್ನು ಊದಿ, ‘ಇದು ಇನ್ನೂ ಚೆನ್ನಾಗಿದೆ ಮಗಳೇ, ಹೆದರಬೇಡ’ ಎಂದರು. ಅವರು ಅಂದು ಬೇಸರಪಟ್ಟುಕೊಳ್ಳಲು ಎಲ್ಲ ಕಾರಣಗಳಿದ್ದವು. ಬೇರೆ ಬೆರಳಾಟದಲ್ಲಿ ಕೂರಿಸಿಕೊಂಡಿದ್ದ ಗಮಕಗಳನ್ನು, ಅಂದರೆ ಸ್ವರಗಳ ಬಳುಕುಗಳನ್ನು, ಕೆಲವೇ ಗಂಟೆಗಳಲ್ಲಿ ಹೊಸ ಕೊಳಲಿಗೆ ಒಗ್ಗಿಸುವುದು ಎಂಥ ಶ್ರಮವೆಂದು ಸಂಗೀತ ಬಲ್ಲವರಿಗೆ ತಿಳಿದೇ ಇದೆ. ಆ ಸಂಚಿಕೆ ಪ್ರಸಾರವಾದ ಮೇಲೆ ಬಂದ ಮೆಚ್ಚುಗೆಯೆಲ್ಲ ನನ್ನ ಹೆಸರಿಗೆ ಬಂದಿತು. ಅದರಲ್ಲಿ ಬಹುಪಾಲು ಆ ವಾದಕರದ್ದೆಂದು ನಾನು ಮನಸಾರೆ ನಂಬಿದ್ದೇನೆ, ಇಲ್ಲಿ ಅದನ್ನು ಅವರಿಗೆ ಒಪ್ಪಿಸುತ್ತಿದ್ದೇನೆ.

ವೇದಿಕೆಯ ಪಕ್ಕದಲ್ಲಿ, ಕಪ್ಪು ಪರದೆಯ ಹಿಂದೆ ಕುಳಿತು ಗಾಯಕರ ಕಿವಿಗೆ ಶಬ್ದವನ್ನು ಕಳಿಸುವ ಧ್ವನಿ ತಂತ್ರಜ್ಞರ ಋಣವೂ ಸಣ್ಣದಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುವುದರಿಂದ, 17 ಮೀಟರ್ ದೂರದ ಗೋಡೆಗೆ ಬಡಿದು ಮರಳುವ ನಮ್ಮದೇ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಕೇಳಿಸುತ್ತದೆ, ತಾಳ ತಪ್ಪಿಸಲು ಅಷ್ಟೇ ಸಾಕು. ಅದಕ್ಕಾಗಿಯೇ ಕಿವಿಯೊಳಗೆ ಪುಟ್ಟ ಮಾನಿಟರ್ ಇಟ್ಟುಕೊಂಡು ಹಾಡುತ್ತೇವೆ. ಸುತ್ತಲಿನ ಸದ್ದು ಹೆಚ್ಚಿದಷ್ಟೂ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 20ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ನನ್ನ ಗಂಟಲಿನ ಸ್ಥಿತಿ ತಿಳಿದ ದಿನದಿಂದ ನಮ್ಮ ತಂತ್ರಜ್ಞರು ನನ್ನ ಮಾನಿಟರಿನಲ್ಲಿ ಡ್ರಮ್ಸ್ ತಗ್ಗಿಸಿ, ನನ್ನ ದನಿಯನ್ನೂ ತಂಬೂರಿಯನ್ನೂ ಹೆಚ್ಚಿಸಿ, ನಾನು ಕೂಗಿ ಹಾಡುವ ಅಗತ್ಯವೇ ಬಾರದಂತೆ ನೋಡಿಕೊಂಡರು. ಇದನ್ನು ಅವರು ತಾವಾಗಿಯೇ ಮಾಡಿದರು, ನಾನು ಕೇಳಿದ್ದಲ್ಲ.

ಯುಗಳ ಗೀತೆಯ ಸುತ್ತಿನಲ್ಲಿ ನನ್ನ ಜೊತೆ ಹಾಡಿದ ಸ್ಪರ್ಧಿಯ ಬಗ್ಗೆ ಬರೆಯುವಾಗ ಮನಸ್ಸು ತುಂಬಿ ಬರುತ್ತದೆ. ಅಂಕಗಳು ಇಬ್ಬರಿಗೂ ಪ್ರತ್ಯೇಕವಾಗಿದ್ದ ಆ ಸುತ್ತಿನಲ್ಲಿ, ಕೇಳುಗರನ್ನು ಸುಲಭವಾಗಿ ಸೆಳೆಯುವ ಒಂದು ಆಲಾಪನೆ ಮಧ್ಯಸ್ಥಾಯಿಯಲ್ಲಿ ಬರುತ್ತಿತ್ತು, ಅದು ಅವಳ ಪಾಲಿಗೆ ಬಂದಿತ್ತು. ದನಿ ಬಿಗಿಯುವಂತಹ ಎತ್ತರದ ಸಾಲುಗಳು ನನ್ನ ಪಾಲಿಗಿದ್ದವು. ಮೊದಲ ತಾಲೀಮಿನಲ್ಲೇ ಅವಳು ಹಾಳೆಯ ಮೇಲೆ ಎರಡೂ ಭಾಗಗಳನ್ನು ಅದಲುಬದಲು ಮಾಡಿ ಗುರುತು ಹಾಕಿ, ‘ಅಕ್ಕ, ಮೇಲಿನದು ನನಗಿರಲಿ, ನೀವು ಆಲಾಪನೆ ಹಾಡಿ’ ಎಂದಳು. ಅಂದು ಹೆಚ್ಚು ಅಂಕ ಬಂದದ್ದು ನನಗೆ. ಈಗ ಅಂತಿಮ ಸುತ್ತಿನಲ್ಲಿರುವುದು ಅವಳು, ಅದನ್ನು ನೆನೆದಾಗಲೆಲ್ಲ ನನಗೆ ನಿಜವಾದ ಸಂತೋಷವಾಗುತ್ತದೆ.

ತೀರ್ಪುಗಾರರು ಕೊಟ್ಟ ಸಲಹೆಗಳೆಲ್ಲ ಪ್ರಸಾರದಲ್ಲಿ ಬರಲಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಡೆಯುವ ಚಿತ್ರೀಕರಣದಲ್ಲಿ ತೆರೆಗೆ ಬರುವುದು ಸ್ವಲ್ಪವೇ. ಉಸಿರು ತೆಗೆದುಕೊಳ್ಳುವ ಜಾಗ ಸಾಹಿತ್ಯದ ಅರ್ಥವನ್ನು ಮುರಿಯಬಾರದೆಂದು ಹೇಳಿ, ಒಂದೇ ಸಾಲನ್ನು ಮೂರು ಬಗೆಯಾಗಿ ಹಾಡಿ ತೋರಿಸಿದ ಹಿರಿಯರೊಬ್ಬರ ಪಾಠವನ್ನು ನಾನು ಬಹುಕಾಲ ಇಟ್ಟುಕೊಳ್ಳುತ್ತೇನೆ. ಚಿಕ್ಕಂದಿನಲ್ಲಿ ನಾವೆಲ್ಲ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ನೋಡುತ್ತ ಬೆಳೆದವರು. ಪುಟ್ಟ ಮಕ್ಕಳು ಹಾಡಿ ಮುಗಿಸಿದ ಮೇಲೆ ಅವರು ಆ ಗೀತೆಯ ಸಂಗೀತ ನಿರ್ದೇಶಕರನ್ನೂ ಸಾಹಿತ್ಯ ಬರೆದವರನ್ನೂ ಹೆಸರಿಸಿ, ಅದು ಹುಟ್ಟಿದ ಸಂದರ್ಭವನ್ನು ಪ್ರೀತಿಯಿಂದ ಹೇಳುತ್ತಿದ್ದುದು ಅನೇಕರಿಗೆ ನೆನಪಿರಬಹುದು. 2020ರ ಸೆಪ್ಟೆಂಬರ್ 25ರಂದು ಅವರು ಅಗಲಿದರು. ಹಾಡಿದವರ ಹಿಂದೆ ಇರುವವರನ್ನು ಮುಂದಕ್ಕೆ ಕರೆಯುವ ಅವರ ರೀತಿ ಈ ಬಗೆಯ ಎಲ್ಲ ಕಾರ್ಯಕ್ರಮಗಳಲ್ಲೂ ಉಳಿಯಬೇಕೆಂಬುದು ನನ್ನ ಗಾಢವಾದ ಆಸೆ.

ಇನ್ನು ಪ್ರೇಕ್ಷಕರಿಗೆ. ನೀವು ಹಾಕಿದ ಮತಗಳು, ಬರೆದ ಮಾತುಗಳು, ನನ್ನ ದನಿ ಕುಂದಿದ್ದ ವಾರಗಳಲ್ಲಿ ಕಳಿಸಿದ ಹಾರೈಕೆಗಳು ನನಗೆ ತಲುಪಿವೆ. ತಮ್ಮ ಮತ ಬೇರೊಬ್ಬರಿಗೆ ಎಂದು ಪ್ರಾಮಾಣಿಕವಾಗಿ ತಿಳಿಸಿಯೂ ನನ್ನ ಆರೋಗ್ಯವನ್ನು ವಿಚಾರಿಸಿದವರಿಗೆ ವಿಶೇಷವಾದ ವಂದನೆ. ಒಂದು ವಿನಂತಿಯನ್ನೂ ಇಲ್ಲಿಯೇ ಮಾಡಿಕೊಳ್ಳುತ್ತೇನೆ: ನಾನು ಹೊರಬಂದದ್ದಕ್ಕೆ ನೊಂದುಕೊಂಡ ಕೆಲವರು ಆಯ್ಕೆಯಾದವರ ಬಗ್ಗೆಯೂ ತೀರ್ಪುಗಾರರ ಬಗ್ಗೆಯೂ ಕಟುವಾಗಿ ಬರೆದಿದ್ದಾರೆ, ದಯವಿಟ್ಟು ಅದನ್ನು ನಿಲ್ಲಿಸಿ. ಅಂದಿನ ಸುತ್ತಿನಲ್ಲಿ ಅವರು ನನಗಿಂತ ಚೆನ್ನಾಗಿ ಹಾಡಿದರು, ಪಕ್ಕದಲ್ಲೇ ನಿಂತು ಕೇಳಿದವಳು ನಾನು. ಹೊರಬಂದ ರಾತ್ರಿ ನಮ್ಮ ಗಾಯನ ತರಬೇತುದಾರರು, 2004ರ ಅಮೆರಿಕನ್ ಐಡಲ್‌ನಲ್ಲಿ ಏಳನೆಯ ಸ್ಥಾನಕ್ಕೇ ಹೊರಬಿದ್ದ ಜೆನಿಫರ್ ಹಡ್ಸನ್ 2007ರಲ್ಲಿ ಆಸ್ಕರ್ ಪಡೆದದ್ದನ್ನೂ, 2005ರ ಫೇಮ್ ಗುರುಕುಲ್ ಸ್ಪರ್ಧೆಯಲ್ಲಿ ಗೆಲ್ಲದ ಅರಿಜಿತ್ ಸಿಂಗ್ ಮುಂದೆ ಏನಾದರೆಂಬುದನ್ನೂ ನೆನಪಿಸಿದರು. ಅವರಂತಹ ಎತ್ತರದ ಕನಸು ಸದ್ಯಕ್ಕೆ ನನಗಿಲ್ಲ. ಆದರೂ ಕಣ್ಣೀರು ತಡೆದುಕೊಂಡು ನಿಂತಿದ್ದ ಹೊತ್ತಿನಲ್ಲಿ ಆ ಮಾತನ್ನು ಹುಡುಕಿ ತಂದು ಹೇಳಿದ ಅವರ ಕಾಳಜಿಗೆ ನಾನು ಋಣಿ.

ಉಡುಪು, ಪ್ರಸಾಧನ, ಬೆಳಕು, ಕ್ಯಾಮೆರಾ, ಸಂಕಲನ ವಿಭಾಗಗಳ ಎಲ್ಲರಿಗೂ, ಮೌನದ ದಿನಗಳಲ್ಲಿ ನಾನು ಪುಸ್ತಕದಲ್ಲಿ ಬರೆದು ತೋರಿಸಿದ್ದಕ್ಕೆ ತಾವೂ ಮಾತನಾಡದೆ ಬರೆದೇ ಉತ್ತರ ಕೊಡುತ್ತಿದ್ದ ಅಪ್ಪನಿಗೂ, ತಾಲೀಮಿಗೆ ಜೊತೆಯಾಗಿ ಬಂದು ಹೊರಗಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾದ ಅಮ್ಮನಿಗೂ ಕೃತಜ್ಞತೆಗಳು. ಕೊನೆಯದಾಗಿ, ಸ್ಪರ್ಧೆಗೆ ಹೋಗೆಂದು ಹರಸಿ ಕಳಿಸಿದ ನನ್ನ ಗುರುಗಳಿಗೆ ನಮಸ್ಕರಿಸುತ್ತೇನೆ. ಮುಂದಿನ ವಾರದಿಂದ ಮತ್ತೆ ಪಾಠಕ್ಕೆ ಕುಳಿತುಕೊಳ್ಳುತ್ತಿದ್ದೇನೆ. ವೈದ್ಯರ ಸೂಚನೆಯಂತೆ ಕೆಲವು ತಿಂಗಳು ತಾರಸ್ಥಾಯಿಯನ್ನು ಮುಟ್ಟದೆ, ಮಂದ್ರ ಮತ್ತು ಮಧ್ಯದಲ್ಲಿ ಅಕಾರ ಸಾಧನೆ (ಸ್ವರಗಳನ್ನು ‘ಅ’ ಎಂದು ಹಾಡುವ ಅಭ್ಯಾಸ) ಮಾಡಿಸುವುದಾಗಿ ಗುರುಗಳು ಈಗಾಗಲೇ ತಿಳಿಸಿದ್ದಾರೆ.